ಬೋರ್ ನೀರು, ಒಣಬಟ್ಟೆ, ನನ್ನ ಕಪ್ಪು ಕಾರು

ಚಿತ್ರದುರ್ಗದಲ್ಲಿ ಕಪ್ಪು ಕಾರು ಇಟ್ಟುಕೊಂಡವರಿಗೇ ಈ ಸಂಕಟ ಗೊತ್ತು. ನಮ್ಮ ಬೋರ್ ನೀರು ಎಷ್ಟು ಗಡಸು ಅಂದರೆ ಬಕೆಟ್ಟಿನ ಅಂಚಿಗೂ ಬಿಳಿ ಪೊರೆ ಕಟ್ಟುತ್ತೆ. ತೊಳೆಯೋ ಹುಡುಗನಿಗೆ ಎಷ್ಟು ಸಲ ಹೇಳಿದೆ, "ಬಿಸಿಲಲ್ಲಿ ತೊಳೀಬೇಡಪ್ಪಾ, ನೀರು ಆರೋ ಮುಂಚೆ ಒರೆಸು" ಅಂತ. ಕೇಳಲ್ಲ. ಬಾನೆಟ್ ಮೇಲೆ ನೀರು ಆರಿ, ಕ್ಯಾಲ್ಸಿಯಂ ಉಳಿದು, ರಂಗೋಲಿ ಚುಕ್ಕಿ ಇಟ್ಟ ಹಾಗಾಗಿದೆ. ಅದು ಸಾಲದು ಅಂತ ಹೊಳಲ್ಕೆರೆ ರಸ್ತೆಯ ಧೂಳಿನ ಮೇಲೇ ಒಣಬಟ್ಟೆ ಎಳೆದಿದ್ದಾನೆ. ಬಿಸಿಲಿಗೆ ನಿಲ್ಲಿಸಿದರೆ ಜೇಡರ ಬಲೆಯಂಥ ಗೀರು ಸುತ್ತ ಹೊಳೆಯುತ್ತೆ, ಹೊಟ್ಟೆ ಉರಿಯುತ್ತೆ.

ಭಾನುವಾರ ಪೂರ್ತಿ ನೆರಳಲ್ಲಿ ಕೂತು ಉಜ್ಜಿದೆ. ಬಿಳಿ ವಿನೆಗರ್‌ಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆ ಒಂದೆರಡು ನಿಮಿಷ ಹಾಸಿ ತೊಳೆದರೆ ಹೊಸ ಕಲೆ ಹೋದವು. ಹಳೆಯವು ಬಣ್ಣದೊಳಕ್ಕೇ ಇಳಿದು ಗುಳಿ ಬಿದ್ದಿವೆ. ಅದಕ್ಕೂ ಗೀರಿಗೂ ಪಾಲಿಶೇ ಗತಿ. ಫೋಮ್ ಪ್ಯಾಡಿನಲ್ಲಿ ಒಂದಡಿ ಜಾಗ ತಿಕ್ಕೋಕೆ ಹತ್ತು ನಿಮಿಷ. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಕೂದಲೆಳೆಗಿಂತ ತೆಳು. ತಿಕ್ಕಿದಷ್ಟೂ ಸವೆಯುತ್ತೆ, ಮತ್ತೆ ಬರಲ್ಲ. ಭುಜ ಬಿದ್ದುಹೋಯ್ತು, ಆಗಿದ್ದು ಅರ್ಧ ಬಾನೆಟ್.

ಇವತ್ತು ಬೆಳಿಗ್ಗೆ ನೋಡ್ತೀನಿ, ಮತ್ತೆ ಅದೇ ಒಣಬಟ್ಟೆ ಹಿಡಿದು ನಿಂತಿದ್ದಾನೆ! ಕಿತ್ತಿಟ್ಟುಕೊಂಡೆ. ನಾಳೆಯಿಂದ ನಾನೇ ತೊಳೀತೀನಿ.