ಹೋಗಿ ಕಲಿತು ಬರಲಿ

ಹಳ್ಳಿ ಹುಡುಗರ ಜೊತೆ ಕೆಲಸ ಮಾಡುವ ಸ್ವಯಂಸೇವಕರಿಗೆ ವಿದೇಶದ ತರಬೇತಿ ದಂಡದ ಖರ್ಚು ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಎಲ್ಲಿ, ಏನು ಕಲಿಸುತ್ತಾರೆ ಅಂತ ನೋಡಬೇಕು ಅಲ್ವಾ?

ಜಪಾನಿನ ತೊಚಿಗಿಯಲ್ಲಿ ಏಷ್ಯನ್ ರೂರಲ್ ಇನ್‌ಸ್ಟಿಟ್ಯೂಟ್ ಇದೆ. 1973ರಲ್ಲಿ ಶುರುವಾದದ್ದು. ಏಷ್ಯಾ, ಆಫ್ರಿಕಾದ ಹಳ್ಳಿಗಳಲ್ಲಿ ದುಡಿಯುವವರಿಗೆ ಒಂಬತ್ತು ತಿಂಗಳ ತರಬೇತಿ. ಸುಮ್ನೆ ಕೂತು ಪಾಠ ಕೇಳುವುದಲ್ಲ. ಹೊಲ, ಹಂದಿ, ಕೋಳಿ, ಅಡುಗೆ ಎಲ್ಲದಕ್ಕೂ ಕೈ ಹಾಕಬೇಕು. ತೌಡು, ಕೋಳಿಗೊಬ್ಬರ, ಮಣ್ಣು ಬೆರೆಸಿ ಬೊಕಾಶಿ ಗೊಬ್ಬರ ಮಾಡುತ್ತಾರೆ. ರಾಶಿ ಬಿಸಿಯೇರುತ್ತದೆ, ಆಗಾಗ ಮಗುಚುತ್ತಿರಬೇಕು. ನಮ್ಮ ಸೋಮವಾರಪೇಟೆ ಕಡೆ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ) ಮುಗಿದ ಮೇಲೆ ಕಾಫಿ ಸಿಪ್ಪೆ ಗುಡ್ಡೆಗುಡ್ಡೆ ಬಿದ್ದಿರುತ್ತದೆ. ಅದನ್ನೂ ಗೊಬ್ಬರ ಮಾಡಬಹುದು. ಇಂಥ ಕೈಕೆಲಸ ಗೊತ್ತಿರುವ ಒಬ್ಬರಿದ್ದರೆ ಸಾಕು, ಹುಡುಗರು ತಾವೇ ಮಾಡಿ ನೋಡುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಅಲ್ಲಿನ ನಿಯಮ. ಊರಿನ ಸಂಸ್ಥೆಯೇ ಕಳಿಸಬೇಕು, ಮುಗಿಸಿ ಅದೇ ಊರಿಗೆ ಮರಳಬೇಕು. ಓದಿದವರೆಲ್ಲ ಬೆಂಗಳೂರು ಸೇರುತ್ತಿರುವ ಕೊಡಗಿಗೆ ಇದೇ ಬೇಕಾಗಿರುವುದು.

ಕಷ್ಟ ಬೇರೆ ಕಡೆ ಇದೆ. ತರಬೇತಿ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ಮಳೆಗಾಲದ ತೋಟದ ಕೆಲಸಕ್ಕೆ ಮನೆಯಲ್ಲಿ ಒಂದು ಆಳು ಕಮ್ಮಿ. ಎರಡು ಎಕರೆಯವರು ಹೇಗೆ ಕಳಿಸುತ್ತಾರೆ? ಆ ಕೂಲಿ ಖರ್ಚನ್ನು ಊರಿನ ಸಂಘಗಳು ಹೊತ್ತುಕೊಳ್ಳಲಿ. ಹುಡುಗಿಯರನ್ನೂ ಕಳಿಸಲಿ.