ಧೈರ್ಯ ತಗೊಳ್ಳಿ ಅನ್ನುವ ಮೊದಲು ಒಂದು ಊಟ ಕೊಡಿ

ಯಾರಿಗಾದರೂ ಕಷ್ಟ ಬಂತು ಅಂದರೆ ನಾವು ಹೇಳುವುದು ಒಂದೇ ಮಾತು, "ಧೈರ್ಯ ತಗೊಳ್ಳಿ." ಹೇಳಿ ಎದ್ದು ಬರುತ್ತೇವೆ. ನಿದ್ದೆ ಇಲ್ಲದೆ, ಊಟ ಸೇರದೆ ಇರುವವರು ಧೈರ್ಯ ಎಲ್ಲಿಂದ ತರಬೇಕು ಮಾರಾಯ್ರೆ? ಮೊದಲು ದೇಹ ಚೇತರಿಸಿಕೊಳ್ಳಬೇಕು, ಜೊತೆಗೆ ಜನ ಬೇಕು. ಇದು ನನ್ನ ಗಟ್ಟಿ ನಂಬಿಕೆ.

ನಮ್ಮ ತುಳುನಾಡಿನ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆಟಿ ತಿಂಗಳು ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಬಿಡದೆ ಸುರಿಯುವ ಮಳೆ, ಕೈಗೆ ಕೆಲಸವಿಲ್ಲ, ಮನೆಯಲ್ಲಿ ಅಕ್ಕಿ ಮುಗಿಯುತ್ತಾ ಬಂದಿರುತ್ತಿತ್ತು. ಅದಕ್ಕೆ ಬೇಸಿಗೆಯಲ್ಲೇ ತಯಾರಿ. ಹಲಸಿನ ತೊಳೆ ಉಪ್ಪಿಗೆ ಹಾಕಿ ಭರಣಿ ತುಂಬಿಸುತ್ತಿದ್ದರು. ಹಪ್ಪಳ, ಒಣಮೀನು, ಹಲಸಿನ ಬೀಜ ಎಲ್ಲ ಎತ್ತಿಡುತ್ತಿದ್ದರು. ಆಟಿ ಅಮಾವಾಸ್ಯೆಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ (ಹಾಲೆ) ಮರದ ಕೆತ್ತೆಯ, ಅಂದರೆ ತೊಗಟೆಯ ಕಷಾಯ. ಬಾಯಿ ಪೂರಾ ಕಹಿ! ಅದರ ಬೆನ್ನಿಗೇ ಮೆಂತೆ ಗಂಜಿ. ಕಷಾಯ ಕುಡಿದರೆ ಎಲ್ಲ ರೋಗ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಕಷ್ಟದ ದಿನ ಬಂದೇ ಬರುತ್ತದೆ ಅಂತ ಒಪ್ಪಿಕೊಂಡು ತಯಾರಾಗುತ್ತಿದ್ದರಲ್ಲ, ನನಗೆ ಅದು ದೊಡ್ಡದು. ಎಲ್ಲರೂ ಒಳಗೆ ಕೂತ ಆ ಹೊತ್ತಿನಲ್ಲಿ ತಾಳೆಗರಿಯ ಕೊಡೆ ಹಿಡಿದು ಆಟಿ ಕಳೆಂಜ, ಅಂದರೆ ಊರಿನ ಮಾರಿ ಕಳೆಯುತ್ತಾನೆ ಅಂತ ನಂಬುವ ವೇಷಧಾರಿ, ಮನೆ ಮನೆಗೆ ಬರುತ್ತಿದ್ದ. ಅಂಗಳಕ್ಕೆ ಒಬ್ಬರು ಬರುವುದೂ ಒಂದು ಮದ್ದೇ ಅಲ್ವಾ?

ಮಲ್ಪೆಯಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬ ಗಲ್ಫ್‌ನಲ್ಲಿ ಕೆಲಸ ಹೋಗಿ ವಾಪಸ್ ಬಂದ. ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ ರಜೆ ಇರುತ್ತದಲ್ಲ, ಆ ಸಮಯ. ಊರಲ್ಲೂ ಕೆಲಸ ಇಲ್ಲ. ಕೋಣೆಯ ಬಾಗಿಲು ಹಾಕಿ ಮಲಗಿದ್ದ. ನನ್ನ ಅಮ್ಮ ಒಂದು ಪ್ರಶ್ನೆ ಕೇಳಲಿಲ್ಲ. ದಿನಾ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಚಟ್ನಿ ತಗೊಂಡು ಹೋಗಿ, "ಬಾ ಮಗ, ನಂಗೊಂದು ನಾಲ್ಕು ತೆಂಗಿನಕಾಯಿ ಸುಲಿದು ಕೊಡು" ಅಂತಿದ್ದರು. ಮೊದಮೊದಲು ಮುಖ ಕೆಳಗೆ ಹಾಕಿಯೇ ಸುಲಿಯುತ್ತಿದ್ದ. ಆಮೇಲೆ ಸಂಜೆ ಮಳೆ ಬಿಟ್ಟಾಗ ಬಂದರಿನ ಕಡೆ ನಡೆಯಲು ಶುರು ಮಾಡಿದ. ಬಲೆ ಹೆಣೆಯುವವರ ಪಕ್ಕ ಕೂರುತ್ತಿದ್ದ. ಒಂದು ದಿನ ಕಾಯಿ ಸುಲಿಯುತ್ತಲೇ ಅಮ್ಮನ ಹತ್ತಿರ ಸಾಲದ ವಿಷಯ ಎಲ್ಲ ಹೇಳಿ ಅತ್ತ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟು ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಿಂದ ಆತಂಕ, ಖಿನ್ನತೆ ಕೂಡ ಕಡಿಮೆಯಾಗುತ್ತದೆ. ಜಿಮ್ಮೇ ಬೇಕು ಅಂತಿಲ್ಲ.

ಆದರೆ ಗಂಜಿ, ನಡಿಗೆ ಎಲ್ಲದಕ್ಕೂ ಸಾಕಾಗುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಸುಮ್ನೆ ಕೂರಬೇಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಉಂಟು, ನಂಬರ್ 14416. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರ ಒಬ್ಬರೇ ಹೋಗಲು ಹಿಂಜರಿಕೆ ಆದರೆ ನನಗೆ ಮೆಸೇಜ್ ಮಾಡಿ. ಉಡುಪಿ, ಮಣಿಪಾಲದಲ್ಲಾದರೆ ನಾನೇ ಜೊತೆಗೆ ಬರುತ್ತೇನೆ.