ಸತ್ಯಾಂಶ: ಕ್ವಿಲ್ಪಿಯಲ್ಲಿ ನಿವೇಶನ ಉಚಿತವೇ?

ಆಸ್ಟ್ರೇಲಿಯಾದ ಕ್ವಿಲ್ಪಿ ಎಂಬ ಊರಿಗೆ ಹೋಗಿ ನೆಲೆಸುವ ಯಾವ ದೇಶದವರಿಗಾದರೂ ಅಲ್ಲಿನ ಸರ್ಕಾರ ಉಚಿತ ನಿವೇಶನ ಕೊಡುತ್ತದೆ ಎಂಬ ಫಾರ್ವರ್ಡ್ ಸಂದೇಶ ದಾರಿ ತಪ್ಪಿಸುವಂಥದ್ದು.

ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿರುವ ಈ ಪುಟ್ಟ ಪಟ್ಟಣದ ಸ್ಥಳೀಯ ಆಡಳಿತವು 2021ರಲ್ಲಿ ಘೋಷಿಸಿದ್ದು ಭೂದಾನವನ್ನಲ್ಲ, 12,500 ಆಸ್ಟ್ರೇಲಿಯನ್ ಡಾಲರ್‌ಗಳ ಸಹಾಯಧನವನ್ನು. ನಿವೇಶನವನ್ನು ಮೊದಲು ಹಣ ಕೊಟ್ಟು ಕೊಳ್ಳಬೇಕು, ಅದರಲ್ಲಿ ಮನೆ ಕಟ್ಟಬೇಕು, ಆರು ತಿಂಗಳು ವಾಸಿಸಬೇಕು; ಸಹಾಯಧನ ಬರುವುದು ಆ ಬಳಿಕವೇ. ಆ ಮೊತ್ತ ಅಂದಿನ ನಿವೇಶನದ ಬೆಲೆಗೆ ಹೆಚ್ಚುಕಡಿಮೆ ಸಮನಾಗಿದ್ದುದರಿಂದ ‘ಉಚಿತ ಜಮೀನು’ ಎಂಬ ಶೀರ್ಷಿಕೆ ಹುಟ್ಟಿ, ಭಾರತದಿಂದಲೂ ವಿಚಾರಣೆಗಳು ಹೋದವು. ಆದರೆ ಅರ್ಹರಾಗಿದ್ದವರು ಆಸ್ಟ್ರೇಲಿಯಾದ ಪೌರರು ಮತ್ತು ಕಾಯಂ ನಿವಾಸಿಗಳು ಮಾತ್ರ. ಸಹಾಯಧನದ ಜೊತೆ ವೀಸಾ ಬರುತ್ತಿರಲಿಲ್ಲ.

ಸಂದೇಶ ಹೇಳದೆ ಬಿಡುವ ಸಂಗತಿಯೇ, ನನ್ನ ದೃಷ್ಟಿಯಲ್ಲಿ, ಹೆಚ್ಚು ಮುಖ್ಯವಾದದ್ದು. ಕ್ವಿಲ್ಪಿಯ ಕೊರತೆ ಉದ್ಯೋಗದ್ದಲ್ಲ, ಮನೆಗಳದ್ದು: ಕೆಲಸಕ್ಕೆ ಬರಲು ಒಪ್ಪಿದ ಶಿಕ್ಷಕರು, ದಾದಿಯರು, ಕುಶಲಕರ್ಮಿಗಳಿಗೂ ಬಾಡಿಗೆಗೆ ಮನೆ ಸಿಗುವುದು ಕಷ್ಟವಾಗಿತ್ತು. ಇಂಥ ದೂರದ ಊರುಗಳಲ್ಲಿ ನೆಲ ಅಗ್ಗವಾದರೂ ಸಾಮಗ್ರಿ ಮತ್ತು ಕೆಲಸಗಾರರು ನೂರಾರು ಕಿಲೋಮೀಟರ್ ದೂರದಿಂದ ಬರಬೇಕಾದ್ದರಿಂದ ನಿರ್ಮಾಣದ ವೆಚ್ಚ ಏರುತ್ತದೆ. ಕಟ್ಟಿ ಮುಗಿಸಿದ ಮನೆಯ ಮಾರುಕಟ್ಟೆ ಬೆಲೆ ಅನೇಕ ವೇಳೆ ಆ ವೆಚ್ಚವನ್ನೂ ಮುಟ್ಟದ ಕಾರಣ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. 12,500 ಡಾಲರ್ ಈ ಅಂತರದ ಒಂದು ಪಾಲನ್ನಷ್ಟೇ ತುಂಬಬಲ್ಲದು. ಕೌನ್ಸಿಲ್ ನಿರೀಕ್ಷಿಸಿದ್ದೂ ಬೆರಳೆಣಿಕೆಯ ಹೊಸ ಮನೆಗಳನ್ನೇ ಹೊರತು ಜನಸಾಗರವನ್ನಲ್ಲ.